ಪಿನ್‌ಕೋಡ್, ಗ್ರಿಡ್ ನಂಬರ್, ಟೋಪೋಶೀಟ್: ಕೈಲಿರುವ ಅಂಕಿಯಿಂದ ಜಿಪಿಎಸ್ ಜಾಗ ಹಿಡಿಯುವುದು ಹೇಗೆ? ಕಲಬುರಗಿ, ಬೀದರ್, ಯಾದಗಿರಿಯವರಿಗೆ ಸಮಗ್ರ ಮಾರ್ಗದರ್ಶಿ

ವಾರಕ್ಕೊಬ್ಬರಾದರೂ ಇದನ್ನೇ ಕೇಳುತ್ತಾರೆ. ಒಬ್ಬರ ಕೈಯಲ್ಲಿ ಬೋರ್‌ವೆಲ್ ಪಾಯಿಂಟ್ ನೋಡಿದವರು ಕೊಟ್ಟ ವರದಿ, ಇನ್ನೊಬ್ಬರ ಹತ್ತಿರ ಹಳೇ ಟೋಪೋಶೀಟಿನ (ಸರ್ವೆ ಆಫ್ ಇಂಡಿಯಾದ ನಕ್ಷೆ ಹಾಳೆಯ) ಜೆರಾಕ್ಸ್, ಮತ್ತೊಬ್ಬರ ಹತ್ತಿರ ಬರೀ ಪಿನ್‌ಕೋಡ್. ಪ್ರಶ್ನೆ ಮಾತ್ರ ಒಂದೇ: "ಮ್ಯಾಪ್‌ನಲ್ಲಿ ಹಾಕಿದ್ರೆ ಬೇರೆಲ್ಲೋ ತೋರಿಸ್ತದಲ್ರೀ, ಯಾಕ?"

ನಮ್ಮ ಸೋದರಮಾವನ ತೊಗರಿ ಹೊಲಕ್ಕೆ ಬರಬೇಕಿದ್ದ ಬೋರ್‌ವೆಲ್ ಲಾರಿ ಹೀಗೇ ಒಮ್ಮೆ ಗಾಣಗಾಪುರದ ಕಡೆ ಹೋಗಿ ನಿಂತಿತ್ತು. ಹೊಲ ಇರುವುದು ಕಲಬುರಗಿ ಪಕ್ಕದಲ್ಲಿ. ವರದಿಯಲ್ಲಿದ್ದ ಅಂಕಿ ಸರಿಯಾಗಿಯೇ ಇತ್ತು, ಅದನ್ನು ಟೈಪ್ ಮಾಡಿದ ರೀತಿ ತಪ್ಪಿತ್ತು. ಟೈಪ್ ಮಾಡಿದ್ದು ನಾನೇ. ಆ ತಪ್ಪು ಯಾವುದೆಂದು ಹಂತ 2ರಲ್ಲಿ ಹೇಳುತ್ತೇನೆ.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಲ್ಲ. ಕೈಲಿರುವ ಅಂಕಿ ಒಂದು ಬಿಂದುವೋ, ನೂರು ಮೀಟರಿನ ಚೌಕವೋ, ಹತ್ತಾರು ಹಳ್ಳಿಯ ಪ್ರದೇಶವೋ ಎಂದು ನೋಡದೆ ನೇರ ಕನ್ವರ್ಟರ್‌ಗೆ ಹಾಕುತ್ತಾರೆ. ಕನ್ವರ್ಟರ್ ಏನು ಹಾಕಿದರೂ ಆರು ದಶಮಾಂಶದ ಉತ್ತರ ಕೊಡುತ್ತದೆ. ಅದನ್ನು ನೋಡಿ ಪಕ್ಕಾ ಜಾಗ ಸಿಕ್ಕಿತು ಅಂದುಕೊಳ್ಳುತ್ತೇವೆ. ಹಾಗಾಗಿ ಹಂತ 1 ಬಿಟ್ಟು ಮುಂದಕ್ಕೆ ಹಾರಬೇಡಿ.

## ಮೊದಲು ಇಷ್ಟು ಕೈಲಿರಲಿ

ಒಂದು ಸ್ಮಾರ್ಟ್‌ಫೋನ್, ಅದರಲ್ಲಿ ಗೂಗಲ್ ಮ್ಯಾಪ್ಸ್ ಜೊತೆಗೆ ಓಸ್ಮ್‌ಆ್ಯಂಡ್. ಓಸ್ಮ್‌ಆ್ಯಂಡ್ ಯಾಕೆಂದರೆ ಅದು ಯುಟಿಎಂ, ಎಂಜಿಆರ್‌ಎಸ್ (ಎರಡೂ ಜಾಗವನ್ನು ಮೀಟರ್ ಲೆಕ್ಕದಲ್ಲಿ ಬರೆಯುವ ಗ್ರಿಡ್ ಪದ್ಧತಿ) ಅಂಕಿಗಳನ್ನು ನೇರವಾಗಿ ಓದುತ್ತದೆ, ನೆಟ್ ಇಲ್ಲದ ಹೊಲದಲ್ಲೂ ನಡೆಯುತ್ತದೆ. ಕಂಪ್ಯೂಟರ್ ಇದ್ದರೆ ಗೂಗಲ್ ಅರ್ತ್ ಹಾಕಿಕೊಳ್ಳಿ. ಹಳೇ ನಕ್ಷೆ ಇದ್ದವರಿಗೆ ಮಾತ್ರ ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್ ಬೇಕು, ಅದು ಉಚಿತ. ಜೊತೆಗೆ ಮಿಲಿಮೀಟರ್ ಗೆರೆ ಚೆನ್ನಾಗಿ ಕಾಣುವ ಒಂದು ಸ್ಕೇಲ್, ಕ್ಯಾಲ್ಕುಲೇಟರ್, ಪೆನ್ಸಿಲ್.

ಮೂರು ಜಿಲ್ಲೆಯವರೂ ಒಂದು ಚೀಟಿಯಲ್ಲಿ ಈ ಅಂಕಿ ಬರೆದಿಟ್ಟುಕೊಳ್ಳಿ: ಕಲಬುರಗಿ ಊರು ಸುಮಾರು 17.33, 76.83. ಬೀದರ್ 17.91, 77.52. ಯಾದಗಿರಿ 16.77, 77.14. ಕೊನೆಗೆ ಬಂದ ಉತ್ತರ ಇವುಗಳ ಆಸುಪಾಸು ಇಲ್ಲದಿದ್ದರೆ ಎಲ್ಲೋ ತಪ್ಪಿದೆ. ಉತ್ತರಕ್ಕೆ ಒಂದು ಡಿಗ್ರಿ ಅಂದರೆ ನಮ್ಮಲ್ಲಿ ಸುಮಾರು 110 ಕಿ.ಮೀ., ಪೂರ್ವಕ್ಕೆ ಒಂದು ಡಿಗ್ರಿ ಸುಮಾರು 106 ಕಿ.ಮೀ.

## ಹಂತ 1: ಕೈಲಿರುವುದು ಏನು ಎಂದು ಗುರುತಿಸಿ

ಅಂಕಿಯ ಆಕಾರ ನೋಡಿದರೆ ಸಾಕು, ಹೆಚ್ಚಿನ ಸಲ ಗೊತ್ತಾಗುತ್ತದೆ.

585ರಿಂದ ಶುರುವಾಗುವ ಆರು ಅಂಕಿ ಒಂದೇ ಇದ್ದರೆ ಅದು ಪಿನ್‌ಕೋಡ್. ಆರು ಅಂಕಿಯ ಒಂದು ಸಂಖ್ಯೆ, ಪಕ್ಕದಲ್ಲಿ ಏಳು ಅಂಕಿಯ ಇನ್ನೊಂದು, ಮುಂದೆ 43 ಅಂತಿದ್ದರೆ ಯುಟಿಎಂ. 43ಕ್ಯೂ ಆದಮೇಲೆ ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಆರೋ ಎಂಟೋ ಹತ್ತೋ ಅಂಕಿ ಇದ್ದರೆ ಎಂಜಿಆರ್‌ಎಸ್. ಡಿಗ್ರಿ, ಮಿನಿಟ್, ಸೆಕೆಂಡ್ ಗುರುತು ಇದ್ದರೆ ಅಕ್ಷಾಂಶ ರೇಖಾಂಶವೇ, ಬರೆಯುವ ಪದ್ಧತಿ ಮಾತ್ರ ಬೇರೆ. 56 ಸಿ/15 ಥರ ಇದ್ದರೆ ಅದು ಜಾಗವೇ ಅಲ್ಲ, ನಕ್ಷೆ ಹಾಳೆಯ ನಂಬರ್. ಅಂಕಿ ಅಕ್ಷರ ಬೆರೆತು ಹತ್ತು ಇದ್ದರೆ ಡಿಜಿಪಿನ್ (ಅಂಚೆ ಇಲಾಖೆಯ ಹೊಸ ಜಾಗದ ಕೋಡ್), ನಡುವೆ ಕೂಡಿಸುವ ಚಿಹ್ನೆ ಇದ್ದರೆ ಪ್ಲಸ್ ಕೋಡ್ (ಗೂಗಲ್‌ನ ಜಾಗದ ಕೋಡ್).

ಒಂದು ಎಚ್ಚರಿಕೆ. ಪಿನ್‌ಕೋಡ್ ಆರು ಅಂಕಿ, ಯುಟಿಎಂ ಈಸ್ಟಿಂಗ್ (ಪೂರ್ವ ದಿಕ್ಕಿನ ಮೀಟರ್ ಅಂಕಿ) ಆರು ಅಂಕಿ, ಸಣ್ಣ ಗ್ರಿಡ್ ರೆಫರೆನ್ಸೂ ಆರೇ ಅಂಕಿ. ನಮ್ಮ ಮೂರೂ ಜಿಲ್ಲೆಯಲ್ಲಿ ಈಸ್ಟಿಂಗ್ 6 ಅಥವಾ 7ರಿಂದ ಶುರುವಾಗುತ್ತದೆ, ಪಿನ್‌ಕೋಡ್ 5ರಿಂದ. ಇಷ್ಟು ನೆನಪಿದ್ದರೆ ಈ ಎರಡು ಗೊಂದಲ ಆಗುವುದಿಲ್ಲ.

ಗುರುತಿಸಿದ ಮೇಲೆ ಪಕ್ಕದಲ್ಲಿ ಪೆನ್ಸಿಲ್‌ನಿಂದ ಗಾತ್ರ ಬರೆಯಿರಿ. ಪಿನ್‌ಕೋಡ್ ಎಂದರೆ ಕಿಲೋಮೀಟರ್‌ಗಟ್ಟಲೆ. ಆರು ಅಂಕಿ ಗ್ರಿಡ್ ಎಂದರೆ 100 ಮೀಟರ್ ಚೌಕ. ಎಂಟು ಅಂಕಿ ಎಂದರೆ 10 ಮೀಟರ್. ಹತ್ತು ಅಂಕಿ ಎಂದರೆ 1 ಮೀಟರ್. ಡಿಜಿಪಿನ್ ಎಂದರೆ ಸುಮಾರು 4 ಮೀಟರ್. ಯಾವ ಕನ್ವರ್ಟರ್ ಬಳಸಿದರೂ ಈ ಗಾತ್ರ ಕಡಿಮೆ ಆಗುವುದಿಲ್ಲ.

## ಹಂತ 2: ಡಿಗ್ರಿ, ಮಿನಿಟ್, ಸೆಕೆಂಡನ್ನು ದಶಮಾಂಶ ಮಾಡಿ

ಎಲ್ಲ ದಾರಿಯೂ ಕೊನೆಗೆ ಇಲ್ಲಿಗೇ ಬರುತ್ತದೆ, ಅದಕ್ಕೇ ಇದನ್ನು ಮೊದಲು ಇಟ್ಟಿದ್ದೇನೆ.

17°19′48″ ಅಂತಿದೆ ಅಂದುಕೊಳ್ಳಿ. ಎಕ್ಸೆಲ್ ಡಬ್ಬಿಯಲ್ಲಿ =17+19/60+48/3600 ಅಂತ ಬರೆಯಿರಿ. 17.33 ಬರುತ್ತದೆ. 76°49′48″ಕ್ಕೆ ಅದೇ ಲೆಕ್ಕ ಮಾಡಿದರೆ 76.83. ಅಷ್ಟೇ.

ನಾನು ಮಾಡಿದ ತಪ್ಪು ಇಲ್ಲೇ. 17°19′48″ ಅನ್ನು 17.1948 ಅಂತ, 76°49′48″ ಅನ್ನು 76.4948 ಅಂತ ಹೊಡೆದು ಲಾರಿಯವನಿಗೆ ಕಳಿಸಿದೆ. ನೋಡೋಕೆ ಏನೂ ತಪ್ಪು ಕಾಣಲ್ಲ, ಅಲ್ವಾ? ಆದರೆ ಜಾಗ ದಕ್ಷಿಣಕ್ಕೆ 15 ಕಿ.ಮೀ., ಪಶ್ಚಿಮಕ್ಕೆ 35 ಕಿ.ಮೀ. ಜಾರಿತು. ಅದೇ ಗಾಣಗಾಪುರದ ದಿಕ್ಕು. ಲಾರಿಯವರಿಗೆ ದತ್ತನ ದರ್ಶನ ಆಯಿತು, ನಮಗೆ ಡೀಸೆಲ್ ಬಿಲ್ ಬಂತು.

ಇದನ್ನು ಹಿಡಿಯುವ ಒಂದು ಸುಳಿವಿದೆ. ಮಿನಿಟ್, ಸೆಕೆಂಡ್ ಯಾವತ್ತೂ 60 ಮುಟ್ಟುವುದಿಲ್ಲ. ಹಾಗಾಗಿ ನಿಮಗೆ ಬಂದ ದಶಮಾಂಶಗಳ ಪಟ್ಟಿಯಲ್ಲಿ ಚುಕ್ಕೆಯ ನಂತರದ ಮೊದಲ ಎರಡು ಅಂಕಿ, ಆಮೇಲಿನ ಎರಡು ಅಂಕಿ, ಎರಡೂ ಎಲ್ಲ ಸಾಲಿನಲ್ಲೂ 60ಕ್ಕಿಂತ ಕಡಿಮೆಯೇ ಇದ್ದರೆ ಯಾರೋ ಸುಮ್ನೆ ಚುಕ್ಕೆ ಇಟ್ಟು ಬರೆದಿದ್ದಾರೆ ಎಂದು ಅನುಮಾನಿಸಿ. ಒಂದೇ ಸಾಲು ನೋಡಿ ತೀರ್ಮಾನ ಮಾಡಬೇಡಿ, ಹತ್ತಿಪ್ಪತ್ತು ಸಾಲು ನೋಡಿ.

ಇನ್ನೊಂದು ಪದ್ಧತಿ ಉಂಟು: 17°19.800′. ಇಲ್ಲಿ ಸೆಕೆಂಡ್ ಇಲ್ಲ, ಮಿನಿಟಿಗೇ ದಶಮಾಂಶ. ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರಗಳಲ್ಲಿ ಜಾಸ್ತಿ ಕಾಣುವುದು ಇದೇ. 19.800 ಅನ್ನು 60ರಿಂದ ಭಾಗಿಸಿ 17ಕ್ಕೆ ಕೂಡಿಸಿ. 800 ಅನ್ನು ಸೆಕೆಂಡ್ ಎಂದು ಓದಬೇಡಿ, ಅದು ಸೊನ್ನೆ ಪಾಯಿಂಟ್ ಎಂಟು ಮಿನಿಟ್, ಅಂದರೆ 48 ಸೆಕೆಂಡ್.

ಎಷ್ಟು ದಶಮಾಂಶ ಬೇಕು? ಐದು ಸಾಕು, ಅದು ಸುಮಾರು ಒಂದು ಮೀಟರ್. ನಾಲ್ಕು ಇದ್ದರೆ 11 ಮೀಟರ್, ಬೋರ್‌ವೆಲ್‌ಗೆ ಇದೇ ಸಾಲದು. ಎರಡೇ ಇದ್ದರೆ ಒಂದು ಕಿ.ಮೀ. ಮೇಲೆ, ಊರು ಸಿಗುತ್ತದೆ, ಹೊಲ ಸಿಗುವುದಿಲ್ಲ.

## ಹಂತ 3: ಯುಟಿಎಂ ಅಂಕಿ ಇದ್ದರೆ

ಯುಟಿಎಂನಲ್ಲಿ ಭೂಮಿಯನ್ನು ಆರಾರು ಡಿಗ್ರಿಯ ಪಟ್ಟಿಗಳಾಗಿ ಸೀಳಿದ್ದಾರೆ. 72ರಿಂದ 78 ಡಿಗ್ರಿ ಪೂರ್ವದವರೆಗೆ 43ನೇ ಪಟ್ಟಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಪೂರ್ತಿ ಇದರೊಳಗೇ ಇವೆ. ಪಟ್ಟಿಯ ನಡುಗೆರೆ 75 ಡಿಗ್ರಿ, ಅದಕ್ಕೆ ಈಸ್ಟಿಂಗ್ 5,00,000 ಅಂತ ಕೊಟ್ಟಿದ್ದಾರೆ. ನಾವು ಆ ಗೆರೆಯ ಬಲಕ್ಕಿದ್ದೇವೆ, ಅದಕ್ಕೇ ನಮ್ಮ ಈಸ್ಟಿಂಗ್ 6 ಲಕ್ಷ, 7 ಲಕ್ಷದಲ್ಲಿ ಬರುವುದು. ನಾರ್ತಿಂಗ್ ಎಂದರೆ ಭೂಮಧ್ಯ ರೇಖೆಯಿಂದ ಎಷ್ಟು ಮೀಟರ್ ಎಂದು. ನಮ್ಮಲ್ಲಿ ಅದು 17 ಲಕ್ಷ 80 ಸಾವಿರದಿಂದ 20 ಲಕ್ಷ 50 ಸಾವಿರದೊಳಗೆ ಬೀಳುತ್ತದೆ.

ಮೊದಲು ಯಾವುದು ಈಸ್ಟಿಂಗ್, ಯಾವುದು ನಾರ್ತಿಂಗ್ ನೋಡಿ. ವರದಿಯಲ್ಲಿ ಎಕ್ಸ್, ವೈ ಅಂತ ಬರೆದು ಅದಲು ಬದಲು ಮಾಡಿರುತ್ತಾರೆ. ಆರಂಕಿ ಇರುವುದು ಈಸ್ಟಿಂಗ್, ಏಳಂಕಿ ಇರುವುದು ನಾರ್ತಿಂಗ್. 43ನೇ ಪಟ್ಟಿಯಲ್ಲಿ ಅಳೆದಿದ್ದರೆ ನಮ್ಮ ಭಾಗದಲ್ಲಿ ಇದಕ್ಕೆ ಅಪವಾದ ಇಲ್ಲ.

ಆಮೇಲೆ ಓಸ್ಮ್‌ಆ್ಯಂಡ್ ತೆರೆದು, ಹುಡುಕಾಟದಲ್ಲಿ ಕೋಆರ್ಡಿನೇಟ್ ಆಯ್ಕೆಗೆ ಹೋಗಿ, ಪದ್ಧತಿ ಯುಟಿಎಂ ಮಾಡಿ, ಪಟ್ಟಿ 43 ಹಾಕಿ ಎರಡೂ ಅಂಕಿ ತುಂಬಿ. ಕ್ಯೂಜಿಐಎಸ್‌ನವರು ಇಪಿಎಸ್‌ಜಿ (ನಕ್ಷೆ ಪದ್ಧತಿಯ ಕೋಡ್) 32643 ಆರಿಸಿ.

ಪರೀಕ್ಷೆಗೆ ಒಂದು ಮಾದರಿ ಕೊಡುತ್ತೇನೆ. ಈಸ್ಟಿಂಗ್ 694474, ನಾರ್ತಿಂಗ್ 1916987 ಹಾಕಿದರೆ 17.3300, 76.8300 ಬರಬೇಕು, ಕಲಬುರಗಿ ಊರು. ಬಂದರೆ ನಿಮ್ಮ ಸೆಟ್ಟಿಂಗ್ ಸರಿ ಇದೆ. ಮೊದಲು ಇದನ್ನು ಹಾಕಿ ನೋಡಿ, ಆಮೇಲೆ ನಿಮ್ಮ ಅಂಕಿ.

ಕ್ಯಾಲ್ಕುಲೇಟರ್‌ನಲ್ಲೂ ಒರಟಾಗಿ ನೋಡಬಹುದು. ಈಸ್ಟಿಂಗ್‌ನಿಂದ 5 ಲಕ್ಷ ಕಳೆಯಿರಿ, 1,06,000ದಿಂದ ಭಾಗಿಸಿ, 75 ಕೂಡಿಸಿ. ನಾರ್ತಿಂಗನ್ನು 1,10,600ರಿಂದ ಭಾಗಿಸಿ. ಒಂದೆರಡು ಕಿ.ಮೀ. ಹೆಚ್ಚುಕಡಿಮೆ ಆಗುತ್ತದೆ, ಇದನ್ನು ಹೊಲ ಹುಡುಕಲು ಬಳಸಬೇಡಿ. ಆ್ಯಪ್ ಬೇರೆ ಜಿಲ್ಲೆ ತೋರಿಸಿದರೆ ಹಿಡಿಯಲು ಮಾತ್ರ.

ಇಲ್ಲಿ ಆಗುವ ದೊಡ್ಡ ತಪ್ಪು ಪಟ್ಟಿಯ ನಂಬರ್. ಹೈದರಾಬಾದ್ 78 ಡಿಗ್ರಿ ದಾಟಿದ್ದು, ಅದು 44ನೇ ಪಟ್ಟಿ. ಅಲ್ಲಿಂದ ಬಂದು ಸರ್ವೆ ಮಾಡಿದವರ ಯಂತ್ರದಲ್ಲಿ, ವರದಿಯ ತಲೆಬರಹದಲ್ಲಿ 44 ಹಾಗೇ ಉಳಿದಿರುತ್ತದೆ. 43ರ ಅಂಕಿಗೆ 44 ಹಾಕಿದರೆ ಜಾಗ ಆರು ಡಿಗ್ರಿ ಪೂರ್ವಕ್ಕೆ ಹಾರಿ ವಿಶಾಖಪಟ್ಟಣದ ಕಡೆಯ ಕಡಲ ದಡಕ್ಕೆ ಬೀಳುತ್ತದೆ. ಉಲ್ಟಾ ಕೂಡ ಆಗುತ್ತದೆ: ಈಸ್ಟಿಂಗ್ 1 ಲಕ್ಷದ ಆಸುಪಾಸು ಇದ್ದರೆ, ಅಥವಾ ಐದೇ ಅಂಕಿ ಇದ್ದರೆ, ಅವರು ನಿಜವಾಗಿಯೂ 44ರಲ್ಲೇ ಅಳೆದಿದ್ದಾರೆ. ಆಗ 44 ಹಾಕಿಯೇ ಬದಲಿಸಬೇಕು.

ಇನ್ನು 43 ಆದಮೇಲೆ ಬರುವ ಅಕ್ಷರ. ಕೆಲವರು ಎನ್ ಬರೆಯುತ್ತಾರೆ, ಕೆಲವರು ಕ್ಯೂ. ಎನ್ ಎಂದರೆ ಉತ್ತರಾರ್ಧ ಗೋಳ ಅಂತ. ಕ್ಯೂ ಎಂದರೆ 16ರಿಂದ 24 ಡಿಗ್ರಿ ಉತ್ತರದ ಅಡ್ಡಪಟ್ಟಿ. ಎರಡೂ ಸರಿ, ಆದರೆ ಅಡ್ಡಪಟ್ಟಿಯ ಹೆಸರುಗಳಲ್ಲೂ ಒಂದು ಎನ್ ಇದೆ, ಅದು 0ಯಿಂದ 8 ಡಿಗ್ರಿಯದು. ಆ್ಯಪ್ ಅಡ್ಡಪಟ್ಟಿ ಕೇಳುತ್ತಿದ್ದರೆ ಕ್ಯೂ ಹಾಕಿ, ಗೋಳ ಕೇಳುತ್ತಿದ್ದರೆ ಎನ್.

## ಹಂತ 4: ಅಕ್ಷರ ಇರುವ ಗ್ರಿಡ್ ರೆಫರೆನ್ಸ್

ಎಂಜಿಆರ್‌ಎಸ್ ಎಂದರೆ ಯುಟಿಎಂ ಅಂಕಿಯನ್ನೇ ಮಡಚಿ ಬರೆದದ್ದು. ಮೇಲಿನ ಮಾದರಿ ಇಲ್ಲಿ 43ಕ್ಯೂ ಎಫ್‌ವಿ 94474 16987 ಆಗುತ್ತದೆ. ಮೊದಲ ಅಕ್ಷರ ಈಸ್ಟಿಂಗ್‌ನ ಲಕ್ಷ, ಎರಡನೆಯದು ನಾರ್ತಿಂಗ್‌ನ ಲಕ್ಷ.

ನಮ್ಮ ಮೂರು ಜಿಲ್ಲೆಗೆ ಇಡೀ ಕೋಷ್ಟಕ ಬೇಡ. ಎಫ್ ಎಂದರೆ 6 ಲಕ್ಷ, ಜಿ ಎಂದರೆ 7 ಲಕ್ಷ. ಎರಡನೇ ಅಕ್ಷರ ಟಿ ಇದ್ದರೆ 17 ಲಕ್ಷ, ಯು 18, ವಿ 19, ಆಮೇಲೆ ಮತ್ತೆ ಎ, ಅದು 20 ಲಕ್ಷ. ಕಲಬುರಗಿ ಊರು ಎಫ್‌ವಿ, ಬೀದರ್ ಜಿವಿ, ಯಾದಗಿರಿ ಜಿಯು. ಬೀದರ್‌ನಿಂದ ಔರಾದ್‌ಗೆ ಹೋಗುವಾಗ ಅಕ್ಷರ ವಿಯಿಂದ ಎಗೆ ಜಿಗಿಯುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಔರಾದ್ ಕಡೆಯ ಪಾಯಿಂಟ್ ತಪ್ಪೆಂದು ತೆಗೆದುಹಾಕಿದ್ದಾರೆ.

ಕಲಬುರಗಿಯವರಿಗೂ ಒಂದು ಕಿರಿಕಿರಿ ಇದೆ. ಊರಿನ ಪೂರ್ವ ಅಂಚಿನಲ್ಲಿ, 76.88ರ ಹತ್ತಿರ, ಎಫ್ ಮುಗಿದು ಜಿ ಶುರುವಾಗುತ್ತದೆ. ಅಲ್ಲಿ ಅಂಕಿ 99ರಿಂದ 00ಕ್ಕೆ ಹೋಗುತ್ತದೆ. ಒಂದೇ ಬಡಾವಣೆಯ ಎರಡು ಪಾಯಿಂಟ್‌ಗೆ ಬೇರೆ ಅಕ್ಷರ ಇದ್ದರೆ ಗಾಬರಿ ಬೇಡ.

ಬಿಡಿಸುವ ಕ್ರಮ ಹೀಗೆ. 43ಕ್ಯೂ ಎಫ್‌ವಿ 944169 ಇದೆ ಅನ್ನಿ. ಅಂಕಿಯನ್ನು ಸರಿಯಾಗಿ ಅರ್ಧ ಮಾಡಿ: 944, 169. ಮೊದಲರ್ಧ ಈಸ್ಟಿಂಗ್. ಐದಂಕಿ ಆಗುವಷ್ಟು ಸೊನ್ನೆಯನ್ನು ಬಲಗಡೆ ಸೇರಿಸಿ: 94400, 16900. ಮುಂದೆ ಲಕ್ಷ ಇಡಿ: 694400, 1916900. ಇದು ಚೌಕದ ಎಡ ಕೆಳಮೂಲೆ. ನಡುಮಧ್ಯ ಬೇಕಿದ್ದರೆ ಎರಡಕ್ಕೂ 50 ಸೇರಿಸಿ. ಆಮೇಲೆ ಹಂತ 3.

ಸೊನ್ನೆಯನ್ನು ಎಡಕ್ಕೆ ಸೇರಿಸುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. 944 ಅನ್ನು 00944 ಮಾಡಿದರೆ 90 ಕಿ.ಮೀ. ಮೇಲೆ ಜಾರುತ್ತದೆ. ಎಕ್ಸೆಲ್ ಮಾಡುವ ತಪ್ಪೂ ಇದೆ: 044 ಅಂತ ಹೊಡೆದರೆ ಮುಂದಿನ ಸೊನ್ನೆ ನುಂಗಿ 44 ಮಾಡುತ್ತದೆ. ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿಡಿ. ಬಂದ ಅಂಕಿ ಬೆಸಸಂಖ್ಯೆಯಲ್ಲಿದ್ದರೆ, ಐದು ಅಥವಾ ಏಳು, ಒಂದು ಅಂಕಿ ಬಿದ್ದುಹೋಗಿದೆ. ಊಹೆ ಮಾಡಬೇಡಿ, ಕೊಟ್ಟವರನ್ನೇ ಕೇಳಿ.

ಅಕ್ಷರವೇ ಇಲ್ಲದೆ ಬರೀ 944169 ಕೊಟ್ಟರೆ? ಆ ಆರು ಅಂಕಿ ಪ್ರತಿ 100 ಕಿ.ಮೀ.ಗೆ ಮತ್ತೆ ಬರುತ್ತದೆ. ಎಫ್ ಬದಲು ಜಿ ಎಂದುಕೊಂಡರೆ ಕಲಬುರಗಿಯ ಜಾಗ ತೆಲಂಗಾಣಕ್ಕೆ ಹೋಗುತ್ತದೆ. ತಾಲೂಕು ಯಾವುದು ಎಂದು ಕೇಳಿ ಅಕ್ಷರ ನೀವೇ ಹಾಕಿ.

## ಹಂತ 5: ಟೋಪೋಶೀಟ್ ಕಾಗದದಿಂದ ಓದುವುದು

ಇದೇ ಜಾಸ್ತಿ ಕೆಲಸ ಬೇಡುವ ಹಂತ. ಟೋಪೋಶೀಟ್ ಇಲ್ಲದವರು ಹಂತ 6ಕ್ಕೆ ಹೋಗಿ.

ಮೊದಲು ಹಾಳೆಯ ನಂಬರ್ ಸರಿಯಾ ನೋಡಿ. ಸರ್ವೆ ಆಫ್ ಇಂಡಿಯಾದ ಹಳೇ ಪದ್ಧತಿಯಲ್ಲಿ 56 ಎಂದರೆ 16ರಿಂದ 20 ಡಿಗ್ರಿ ಉತ್ತರ, 76ರಿಂದ 80 ಡಿಗ್ರಿ ಪೂರ್ವ. ಅದನ್ನು ಒಂದೊಂದು ಡಿಗ್ರಿಯ ಹದಿನಾರು ಚೌಕ ಮಾಡಿ ಎಯಿಂದ ಪಿವರೆಗೆ ಹೆಸರಿಟ್ಟಿದ್ದಾರೆ. ಮೇಲಿಂದ ಕೆಳಕ್ಕೆ ನಾಲ್ಕು, ಆಮೇಲೆ ಪಕ್ಕದ ಕಂಬಕ್ಕೆ. ಎಡದಿಂದ ಬಲಕ್ಕೆ ಓದಬೇಡಿ. ಪ್ರತಿ ಚೌಕದೊಳಗೆ ಮತ್ತೆ ಹದಿನಾರು, ಅದೇ ಕ್ರಮ, ಒಂದೊಂದು 15 ಮಿನಿಟ್ ಅಗಲ ಎತ್ತರ. ಆ ಲೆಕ್ಕದಲ್ಲಿ ಕಲಬುರಗಿ 56 ಸಿ/15, ಬೀದರ್ 56 ಜಿ/9, ಯಾದಗಿರಿ 56 ಎಚ್/1. ಯಾದಗಿರಿ ಊರು 16°45′ ಗೆರೆಗೆ ಅಂಟಿಕೊಂಡಂತೆ ಇದೆ, ಸ್ವಲ್ಪ ದಕ್ಷಿಣಕ್ಕೆ ಸರಿದರೂ ಕೆಳಗಿನ ಹಾಳೆ, 56 ಎಚ್/2 ಬೇಕು.

ಈಗಿನ ಓಪನ್ ಸೀರೀಸ್ ಹಾಳೆಗಳ ನಂಬರ್ ಬೇರೆ. ನಮ್ಮವು ಇ43ರಿಂದ ಶುರುವಾಗುತ್ತವೆ. ಯಾದಗಿರಿಯದು ಇ43ಎಕ್ಸ್1. ಕೊನೆಯ ಅಂಕಿ ಹಳೆಯದೇ ಉಳಿದಿದೆ. ಈ ಹಾಳೆಗಳು ಸರ್ವೆ ಆಫ್ ಇಂಡಿಯಾದ ಪೋರ್ಟಲ್‌ನಲ್ಲಿ ಪಿಡಿಎಫ್ ಆಗಿ ಸಿಗುತ್ತವೆ. ಸಾಧ್ಯವಿದ್ದರೆ ಹಳೇ ಜೆರಾಕ್ಸ್ ಬಿಟ್ಟು ಇದನ್ನೇ ಬಳಸಿ. ಕಾರಣ ಮುಂದೆ ಬರುತ್ತದೆ.

ಅಳೆಯುವುದು ಹೀಗೆ. 1:50,000 ಹಾಳೆಯಲ್ಲಿ 5 ಮಿನಿಟಿಗೊಂದು ಗೆರೆ ಇರುತ್ತದೆ. ನಿಮ್ಮ ಜಾಗದ ಕೆಳಗಿನ ಗೆರೆ, ಮೇಲಿನ ಗೆರೆ ಹಿಡಿಯಿರಿ. ಎರಡರ ನಡುವಿನ ಅಂತರ ಅಳೆಯಿರಿ, ಮೂಲ ಹಾಳೆಯಾದರೆ ಸುಮಾರು 18.4 ಸೆಂ.ಮೀ. ಕೆಳಗಿನ ಗೆರೆಯಿಂದ ನಿಮ್ಮ ಜಾಗ ಎಷ್ಟು ದೂರ ಅಳೆಯಿರಿ. 9.2 ಬಂತು ಅನ್ನಿ, ಅಂದರೆ ಅರ್ಧ. 5 ಮಿನಿಟಿನ ಅರ್ಧ ಎರಡೂವರೆ ಮಿನಿಟ್. ಕೆಳಗಿನ ಗೆರೆ 17°15′ ಆಗಿದ್ದರೆ ನಿಮ್ಮದು 17°17′30″. ದಶಮಾಂಶದಲ್ಲಿ 17.2917. ಉದ್ದ ಗೆರೆಗಳಿಗೂ ಇದೇ, ಅಲ್ಲಿ ಅಂತರ ಸುಮಾರು 17.7 ಸೆಂ.ಮೀ. ಇರುತ್ತದೆ.

ಜೆರಾಕ್ಸ್ ಮೇಲೆ ನಕ್ಷೆಯ ಸ್ಕೇಲ್ ನಂಬಿ ಒಂದು ಸೆಂ.ಮೀ.ಗೆ 500 ಮೀಟರ್ ಅಂತ ಲೆಕ್ಕ ಹಾಕಬೇಡಿ. ಜೆರಾಕ್ಸ್ ಹಿಗ್ಗಿರುತ್ತದೆ, ಕುಗ್ಗಿರುತ್ತದೆ, ಕೆಲವೊಮ್ಮೆ ಒಂದೇ ಬದಿಗೆ. ಪ್ರತಿ ಸಲ ಗೆರೆಯಿಂದ ಗೆರೆಗೆ ಅಳೆದು ಪಾಲು ಹಾಕಿದರೆ ಆ ತಪ್ಪು ತಾನಾಗಿ ಹೋಗುತ್ತದೆ. ಮೊಬೈಲ್‌ನಲ್ಲಿ ಓರೆಯಾಗಿ ತೆಗೆದ ಫೋಟೊ ಇದ್ದರೆ ಅಳೆಯಲೇ ಬೇಡಿ. ಒಂದು ಮಿಲಿಮೀಟರ್ ತಪ್ಪಿದರೆ 50 ಮೀಟರ್ ತಪ್ಪಿದ ಹಾಗೆ.

ಈಗ ಹಳೇ ಹಾಳೆಯ ಅಸಲಿ ತೊಂದರೆ. ಅದು ಎವರೆಸ್ಟ್ ಎಂಬ, ಭೂಮಿಯ ಆಕಾರದ ಹಳೇ ಲೆಕ್ಕದ ಮೇಲೆ ಬರೆದದ್ದು. ಫೋನಿನ ಜಿಪಿಎಸ್ ನಡೆಯುವುದು ಡಬ್ಲ್ಯೂಜಿಎಸ್ 84 ಎಂಬ ಇನ್ನೊಂದು ಲೆಕ್ಕದ ಮೇಲೆ (ಇಂಥ ಮೂಲ ಲೆಕ್ಕಕ್ಕೆ ಡೇಟಮ್ ಎನ್ನುತ್ತಾರೆ). ಒಂದೇ ಬಾವಿಗೆ ಎರಡರಲ್ಲಿ ಬೇರೆ ಅಕ್ಷಾಂಶ ರೇಖಾಂಶ, ನಮ್ಮ ಭಾಗದಲ್ಲಿ ನೂರು ಮೀಟರಿಗೂ ಜಾಸ್ತಿ ವ್ಯತ್ಯಾಸ ಬರುತ್ತದೆ. ನೀವು ಎಷ್ಟು ನಾಜೂಕಾಗಿ ಅಳೆದರೂ ಪಕ್ಕದವರ ಹೊಲದಲ್ಲಿ ನಿಲ್ಲುತ್ತೀರಿ. ಹೊಸ ಓಪನ್ ಸೀರೀಸ್ ಹಾಳೆ ಡಬ್ಲ್ಯೂಜಿಎಸ್ 84ರಲ್ಲೇ ಇದೆ, ಅದಕ್ಕೇ ಅದನ್ನು ಬಳಸಿ ಎಂದದ್ದು.

ಹಳೆಯದೇ ಗತಿ ಎಂದಾದರೆ ಎರಡು ದಾರಿ. ಕ್ಯೂಜಿಐಎಸ್ ಗೊತ್ತಿದ್ದರೆ ಡೇಟಮ್ ಆಗಿ ಕಲಿಯಾನ್‌ಪುರ 1975, ಇಪಿಎಸ್‌ಜಿ 4146 ಆರಿಸಿ ಬದಲಿಸಿ. ಪಟ್ಟಿಯಲ್ಲಿ ಇಂಡಿಯನ್ 1975 ಅಂತ ಇನ್ನೊಂದು ಕಾಣುತ್ತದೆ, ಹೆಸರು ನೋಡಿ ಮೋಸ ಹೋಗಬೇಡಿ, ಅದು ಥಾಯ್ಲೆಂಡಿನದು. ಕ್ಯೂಜಿಐಎಸ್ ಬೇಡ ಎನ್ನುವವರು ಹಾಳೆಯಲ್ಲೂ ಉಪಗ್ರಹ ಚಿತ್ರದಲ್ಲೂ ಸ್ಪಷ್ಟ ಕಾಣುವ ಮೂರು ಗುರುತು ಹಿಡಿಯಿರಿ: ಕೋಟೆಯ ಮೂಲೆ, ರೈಲು ಹಳಿ ರಸ್ತೆ ದಾಟುವ ಜಾಗ, ಹಳೇ ಕೆರೆಯ ಏರಿಯ ತುದಿ. ಕಲಬುರಗಿಗೆ ಕೋಟೆ, ಅಪ್ಪನ ಕೆರೆ ಚೆನ್ನಾಗಿ ಒದಗುತ್ತವೆ. ಬೀದರ್‌ಗೆ ಕೋಟೆಯ ಗೋಡೆ ಸಾಕು. ಮೂರಕ್ಕೂ ಹಾಳೆಯ ಅಂಕಿ, ಫೋನಿನ ಅಂಕಿ ಬರೆದು ವ್ಯತ್ಯಾಸ ನೋಡಿ. ಮೂರರಲ್ಲೂ ಒಂದೇ ದಿಕ್ಕಿಗೆ, ಹತ್ತಿರ ಹತ್ತಿರ ಅಷ್ಟೇ ಜಾರಿದ್ದರೆ ಆ ಸರಾಸರಿಯನ್ನು ನಿಮ್ಮ ಜಾಗಕ್ಕೂ ಸೇರಿಸಿ. ಒಂದೊಂದು ಒಂದೊಂದು ದಿಕ್ಕಿಗೆ ಹೋದರೆ ತಪ್ಪು ಡೇಟಮ್‌ನದಲ್ಲ, ಅಳತೆಯದು.

ಭೀಮಾ ನದಿಯ ದಡವನ್ನು ಗುರುತಾಗಿ ಹಿಡಿಯಬೇಡಿ, ಅದು ಇದ್ದಲ್ಲಿ ಇರುವುದಿಲ್ಲ. ಕಾರಂಜಾ, ನಾರಾಯಣಪುರದ ಹಿನ್ನೀರಿನ ಕಡೆ ಹಳೇ ಹಾಳೆಯ ದಾರಿ, ಹಳ್ಳಿ ಈಗ ನೀರೊಳಗಿರಬಹುದು. ಹಾಳೆಯ ಅಂಚಿನಲ್ಲಿ ಗ್ರಿಡ್ ಅಳತೆ ಗಜದಲ್ಲಿ ಎಂದು ಬರೆದಿದ್ದರೆ ಅದು ಯುಟಿಎಂ ಅಲ್ಲವೇ ಅಲ್ಲ, ಹಂತ 3ಕ್ಕೆ ಹಾಕಬೇಡಿ. ಅಂಚಿನ ಅಕ್ಷಾಂಶ ರೇಖಾಂಶ ಗೆರೆಯಿಂದಲೇ ಅಳೆಯಿರಿ.

## ಹಂತ 6: ಬರೀ ಪಿನ್‌ಕೋಡ್ ಇದ್ದರೆ

ಪಿನ್‌ಕೋಡ್‌ಗೆ ಜಿಪಿಎಸ್ ಬಿಂದು ಇಲ್ಲ. ಅದು 1972ರ ಆಗಸ್ಟ್ 15ರಿಂದ ಬಂದ ಅಂಚೆ ಹಂಚುವ ವ್ಯವಸ್ಥೆ, ಜಾಗದ ಅಳತೆಯಲ್ಲ. ಮೊದಲ ಮೂರಂಕಿ ಯಾವ ವಿಂಗಡಣೆ ಜಿಲ್ಲೆ ಎಂದು ಹೇಳುತ್ತದೆ, ಕೊನೆಯ ಮೂರು ಯಾವ ಅಂಚೆ ಕಚೇರಿ ಎಂದು. ಕಲಬುರಗಿಯ 585101, ಯಾದಗಿರಿಯ 585201, ಬೀದರ್‌ನ 585401, ಮೂರೂ 585ರಲ್ಲೇ ಶುರು. ಹಳ್ಳಿ ಕಡೆ ಒಂದೇ ಪಿನ್‌ಕೋಡಿನ ಕೆಳಗೆ ಹಲವಾರು ಶಾಖಾ ಅಂಚೆ ಕಚೇರಿ, ಒಂದೊಂದಕ್ಕೂ ಹಲವು ಹಳ್ಳಿ.

ಮ್ಯಾಪ್‌ನಲ್ಲಿ 585223 ಹೊಡೆದರೆ ಶಹಾಪುರದ ಕಡೆ ಎಲ್ಲೋ ಪಿನ್ ಬೀಳುತ್ತದೆ. ಅದು ಆ ಪ್ರದೇಶದ ಅಂದಾಜು ನಡುಮಧ್ಯ. ಅಲ್ಲಿ ಅಂಚೆ ಕಚೇರಿಯೂ ಇರಲಿಕ್ಕಿಲ್ಲ, ಬರೀ ಹೊಲ ಇರಬಹುದು.

ಹಾಗಾಗಿ ಕ್ರಮ ಬದಲಿಸಿ. ಪಿನ್‌ಕೋಡಿನಿಂದ ಅಂಚೆ ಕಚೇರಿಗಳ ಪಟ್ಟಿ ತೆಗೆಯಿರಿ. ಸರ್ಕಾರದ ಮುಕ್ತ ದತ್ತಾಂಶ ಪುಟದಲ್ಲಿ ಇಡೀ ದೇಶದ ಪಿನ್‌ಕೋಡ್ ಪಟ್ಟಿ ಇದೆ. ಅದರಲ್ಲಿ ಅಕ್ಷಾಂಶ ರೇಖಾಂಶದ ಕಾಲಮ್ ಕೂಡ ಇದೆ, ಆದರೆ ಕೆಲವು ಸಾಲು ಖಾಲಿ, ಕೆಲವು ತಪ್ಪು. ಅದನ್ನು ನಂಬಿ ಗಾಡಿ ಹೊರಡಿಸಬೇಡಿ. ಪಟ್ಟಿಯಿಂದ ಹಳ್ಳಿಯ ಶಾಖಾ ಕಚೇರಿಯ ಹೆಸರು ಹಿಡಿಯಿರಿ. ಆಮೇಲೆ ಮ್ಯಾಪ್‌ನಲ್ಲಿ ಹಳ್ಳಿ, ತಾಲೂಕು, ಜಿಲ್ಲೆ ಮೂರೂ ಹೊಡೆದು ಹುಡುಕಿ. ನಮ್ಮಲ್ಲಿ ಒಂದೇ ಹೆಸರಿನ ಹಳ್ಳಿ ಎರಡು ಮೂರು ತಾಲೂಕಿನಲ್ಲಿ ಇರುತ್ತವೆ, ಯಾವುದು ನಮ್ಮದು ಎಂದು ಹೇಳಲು ಪಿನ್‌ಕೋಡ್ ಆಗ ಕೆಲಸಕ್ಕೆ ಬರುತ್ತದೆ. ಪಿನ್‌ಕೋಡಿನ ಉಪಯೋಗ ಇಷ್ಟೇ ಎನ್ನುವುದು ನನ್ನ ಅಭಿಪ್ರಾಯ: ಹುಡುಕಲು ಅಲ್ಲ, ಹುಡುಕಿದ್ದು ಸರಿಯಾ ಎಂದು ನೋಡಲು.

ಹಳೇ ಪಟ್ಟಿಯಲ್ಲಿ ಗುಲ್ಬರ್ಗಾ ಎಂದೇ ಇರುತ್ತದೆ, ಕಲಬುರಗಿ ಎಂದು ಬದಲಾದದ್ದು 2014ರ ನವೆಂಬರ್‌ನಲ್ಲಿ. ಯಾದಗಿರಿ ಬೇರೆ ಜಿಲ್ಲೆಯಾದದ್ದು 2010ರಲ್ಲಿ, ಅದಕ್ಕೂ ಹಿಂದಿನ ದಾಖಲೆಯಲ್ಲಿ ಶಹಾಪುರ, ಸುರಪುರ ಎಲ್ಲ ಗುಲ್ಬರ್ಗಾ ಜಿಲ್ಲೆಯಲ್ಲೇ ಸಿಗುತ್ತವೆ. ಎರಡೂ ಹೆಸರಲ್ಲಿ ಹುಡುಕಿ.

ಹಳ್ಳಿ ಸಿಕ್ಕ ಮೇಲೆ ಉಪಗ್ರಹ ಚಿತ್ರ ಹಾಕಿ, ಅಲ್ಲಿರುವ ಯಾರಿಗಾದರೂ ಫೋನ್ ಮಾಡಿ. ಹನುಮಪ್ಪನ ಗುಡಿಯಿಂದ ಯಾವ ಕಡೆ, ನೀರಿನ ಟ್ಯಾಂಕ್ ಎಡಕ್ಕೋ ಬಲಕ್ಕೋ ಕೇಳಿ, ಮನೆಯ ಮಾಳಿಗೆ ಮೇಲೆ ಬೆರಳಿಟ್ಟು ಒತ್ತಿ ಹಿಡಿದರೆ ಅಂಕಿ ಬರುತ್ತದೆ. ಹೊಲವಾದರೆ ಸರ್ವೆ ನಂಬರ್ ಕೇಳಿ, ದಿಶಾಂಕ್ ಆ್ಯಪ್‌ನಲ್ಲಿ ಹಾಕಿ ನೋಡಿ. ಆ ಆ್ಯಪಿನ ಗಡಿಗೆರೆ ಹತ್ತಾರು ಮೀಟರ್ ಆಚೀಚೆ ಇರಬಹುದು, ಬದುವಿನ ಜಗಳಕ್ಕೆ ಅದನ್ನು ಸಾಕ್ಷಿ ಮಾಡಬೇಡಿ.

## ಹಂತ 7: ಡಿಜಿಪಿನ್, ಪ್ಲಸ್ ಕೋಡ್

ಇವೆರಡೂ ಸುಲಭ, ಯಾಕೆಂದರೆ ಹುಟ್ಟಿದ್ದೇ ಅಕ್ಷಾಂಶ ರೇಖಾಂಶದಿಂದ. ಡಿಜಿಪಿನ್ ಅನ್ನು ಅಂಚೆ ಇಲಾಖೆ 2025ರಲ್ಲಿ ತೆರೆಯಿತು. ಇಲಾಖೆಯ ಪುಟದಲ್ಲಿ ಕೋಡ್ ಹಾಕಿದರೆ ಜಾಗ ಬರುತ್ತದೆ. ಪಿನ್‌ಕೋಡ್ ಜೊತೆ ಇದಕ್ಕೆ ಸಂಬಂಧ ಇಲ್ಲ, ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಲು ಆಗುವುದಿಲ್ಲ.

ಫೋನಿನಲ್ಲಿ ಕೇಳಿ ಬರೆದುಕೊಂಡಾಗ ತಪ್ಪಾಗುತ್ತದೆ. ಡಿಜಿಪಿನ್‌ನಲ್ಲಿ 0, 1 ಬರುವುದೇ ಇಲ್ಲ. 2ರಿಂದ 9, ಜೊತೆಗೆ ಸಿ, ಎಫ್, ಜೆ, ಕೆ, ಎಲ್, ಎಂ, ಪಿ, ಟಿ ಮಾತ್ರ. ಬಿ, ಡಿ ಎಂದು ಕೇಳಿಸಿದರೆ ಅದು ಪಿ, ಟಿ ಇರಬೇಕು. ಶುರುವಿನ ಅಂಕಿಯೂ ನೋಡಿ: ಕಲಬುರಗಿ ಊರಿನದು 437. 77 ಡಿಗ್ರಿಯ ಪೂರ್ವಕ್ಕಿರುವ ಬೀದರ್, ಯಾದಗಿರಿ, ಸೇಡಂ 42ರಿಂದ ಶುರು. ಆಳಂದ, ಶಹಾಪುರ 43. ಔರಾದ್ ತಾಲೂಕಿನ ಉತ್ತರ ತುದಿಗೆ ಹೋದರೆ 49. ಇವು ಬಿಟ್ಟು 39 ಅಂತ ಬಂದರೆ ಅದು ದೆಹಲಿ ಕಡೆ.

ಪ್ಲಸ್ ಕೋಡಿನಲ್ಲಿ ಜನ ಚಿಕ್ಕ ರೂಪ ಕಳಿಸಿ ಊರಿನ ಹೆಸರು ಬಿಡುತ್ತಾರೆ. ಊರಿಲ್ಲದ ಚಿಕ್ಕ ಕೋಡ್ ಕೆಲಸಕ್ಕೆ ಬಾರದು. ಪೂರ್ತಿ ಮಾಡಬೇಕಿದ್ದರೆ ಮುಂದೆ ಕಲಬುರಗಿಗೆ 7ಜೆ9ಆರ್, ಬೀದರ್‌ಗೆ 7ಜೆ9ವಿ, ಯಾದಗಿರಿಗೆ 7ಜೆ8ವಿ ಸೇರಿಸಿ. ಊರಿನ ಆಸುಪಾಸಿಗೆ ಮಾತ್ರ ಇದು ನಡೆಯುತ್ತದೆ, ಡಿಗ್ರಿ ಗೆರೆ ದಾಟಿದರೆ ಬದಲಾಗುತ್ತದೆ.

## ಹಂತ 8: ಹೊರಡುವ ಮೊದಲು ಪರೀಕ್ಷೆ

ಬಂದ ಅಂಕಿಯನ್ನು ಬೇರೆ ಆ್ಯಪ್‌ನಲ್ಲಿ ಹಾಕಿ. ಲೆಕ್ಕ ಮಾಡಿದ ಆ್ಯಪ್‌ನಲ್ಲೇ ನೋಡಿದರೆ ಅದರ ತಪ್ಪು ಅದಕ್ಕೆ ಕಾಣುವುದಿಲ್ಲ. ಅಕ್ಷಾಂಶ 16ರಿಂದ 18ರಲ್ಲಿ, ರೇಖಾಂಶ 76 ಅಥವಾ 77ರಲ್ಲಿ ಶುರುವಾಗಬೇಕು. ಗೂಗಲ್ ಮ್ಯಾಪ್ಸ್‌ಗೆ ಅಕ್ಷಾಂಶ ಮೊದಲು. ಕೆಎಂಎಲ್, ಜಿಯೋಜೆಸನ್ ಎಂಬ ನಕ್ಷೆ ಫೈಲುಗಳಲ್ಲಿ ರೇಖಾಂಶ ಮೊದಲು. ಅದಲು ಬದಲಾಗಿ 76.83, 17.33 ಹಾಕಿದರೆ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಹೋಗುತ್ತೀರಿ, ಹಿಮಕರಡಿ ಇರುವ ಊರು. ಕಲಬುರಗಿಯ ಮೇ ತಿಂಗಳಲ್ಲಿ ಅದೇ ಚೆನ್ನಾಗಿತ್ತು ಅನ್ನಿಸಬಹುದು, ಬೇರೆ ಮಾತು.

ಉಪಗ್ರಹ ಚಿತ್ರದಲ್ಲಿ ಆ ಜಾಗ ಏನಾಗಿ ಕಾಣುತ್ತಿದೆ ನೋಡಿ. ಬಾವಿ ಎಂದವರ ಪಾಯಿಂಟ್ ರಸ್ತೆ ನಡುವೆ ಇದ್ದರೆ ಡೇಟಮ್ ತಪ್ಪಿರಬಹುದು. ಹತ್ತಾರು ಪಾಯಿಂಟ್ ಒಂದೇ ಕಡೆ ಗುಂಪಾಗಿ ಕೂತಿದ್ದರೆ ಯಾರೋ ಪಿನ್‌ಕೋಡಿನ ನಡುಮಧ್ಯವನ್ನೇ ಎಲ್ಲಕ್ಕೂ ಹಾಕಿದ್ದಾರೆ. ಪಾಯಿಂಟ್‌ಗಳು ಚೆಸ್ ಹಾಸಿನ ಮೂಲೆಗಳ ಹಾಗೆ ಸಾಲಾಗಿದ್ದರೆ ಗ್ರಿಡ್ ಚೌಕದ ಮೂಲೆಯನ್ನೇ ಬರೆದಿದ್ದಾರೆ, ಆ 50 ಮೀಟರ್ ಸೇರಿಸಿಲ್ಲ.

## ಹಂತ 9: ಬರೆದು ಕಳಿಸುವುದು

ಕಳಿಸುವಾಗ ಒಂದೇ ಸಾಲಿನಲ್ಲಿ, ಐದು ದಶಮಾಂಶ, ನಡುವೆ ಅಲ್ಪವಿರಾಮ: 17.33000, 76.83000. ಕನ್ನಡ ಅಂಕಿಯಲ್ಲಿ ಟೈಪ್ ಮಾಡಬೇಡಿ, ಎಷ್ಟೋ ಆ್ಯಪ್‌ಗಳು ಓದುವುದಿಲ್ಲ. ಸ್ಕ್ರೀನ್‌ಶಾಟ್ ಬೇಡ, ಅದರಿಂದ ಕಾಪಿ ಮಾಡಲು ಹೋಗಿ ಮತ್ತೆ ಯಾರೋ ಕೈಯಲ್ಲಿ ಹೊಡೆದು ಅಂಕಿ ತಪ್ಪಿಸುತ್ತಾರೆ. ಲೈವ್ ಲೊಕೇಶನ್ ಅಂತೂ ಬೇಡವೇ ಬೇಡ. ಅದು ನಿಮ್ಮ ಜೊತೆ ಮನೆಗೆ ಬರುತ್ತದೆ, ಲಾರಿಯೂ ಹಿಂದೆಯೇ ಬರುತ್ತದೆ.

ಅಂಕಿಯ ಜೊತೆ ಮೂರು ಮಾತು ಸೇರಿಸಿ: ಮೂಲ ಏನಿತ್ತು, ಎಷ್ಟು ಮೀಟರ್ ಆಚೀಚೆ ಇರಬಹುದು, ಹತ್ತಿರದ ಗುರುತು ಯಾವುದು. ಈಗ ನಮ್ಮ ಮಾವ ಕಳಿಸುವುದು ಹೀಗೆ: "ಯುಟಿಎಂ 43ರಿಂದ ಮಾಡಿದ್ದು, 10 ಮೀಟರ್ ಆಚೀಚೆ, ಬೇವಿನ ಗಿಡದ ಬುಡಕ್ಕೆ ಕೆಂಪು ಬಟ್ಟೆ ಕಟ್ಟೀನಿ." ಹೋದ ಸಲದ ಲಾರಿ ಸೀದಾ ಬಂತು. ಡ್ರೈವರ್ ಕೊನೆಯ ನೂರು ಮೀಟರ್ ನೋಡಿದ್ದು ಫೋನನ್ನಲ್ಲ, ಆ ಬಟ್ಟೆಯನ್ನೇ.